ಹಗಲು ಹೊತ್ತು ಮನೆಯಲ್ಲಿ ಸಿಕ್ಕವರು: ಅಸಾಂಕ್ರಾಮಿಕ ರೋಗಗಳ ಸಮೀಕ್ಷೆಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಉತ್ತರ ಕರ್ನಾಟಕದ ಒಣಬೇಸಾಯದ ತಾಲ್ಲೂಕೊಂದರಲ್ಲಿ ನಡೆದ ಮನೆಮನೆ ಸಮೀಕ್ಷೆಯೊಂದರ ವಿವರ ಇಲ್ಲಿದೆ. ಬಂದ ಮಾಹಿತಿಯನ್ನು ದಿನದಿನವೂ ಪರಿಶೀಲಿಸುವ ಹೊಣೆ ನನ್ನದಾಗಿತ್ತು. ತಾಲ್ಲೂಕು, ಹಳ್ಳಿಗಳು, ಸಮೀಕ್ಷೆ ನಡೆಸಿದ ಸಂಸ್ಥೆ, ಅದರಲ್ಲಿ ದುಡಿದವರು ಯಾರೆಂಬ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸ್ಥಳವನ್ನು ಬಯಲು ಮಾಡಬಲ್ಲ ಅಂಕಿಗಳನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ.

ರಕ್ತದೊತ್ತಡ, ಮಧುಮೇಹ, ಬೊಜ್ಜು, ತಂಬಾಕು, ಮದ್ಯ, ಉಪ್ಪು, ದೈಹಿಕ ಚಟುವಟಿಕೆ ಇವುಗಳ ಕುರಿತು ದೇಶಮಟ್ಟದ ಅಂಕಿಗಳಿಗೆ ನಮ್ಮಲ್ಲಿ ಈಗ ಕೊರತೆಯಿಲ್ಲ. ಬೆಂಗಳೂರಿನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವು 2017–18ರಲ್ಲಿ ನಡೆಸಿದ ರಾಷ್ಟ್ರೀಯ ನಿಗಾ ಸಮೀಕ್ಷೆಯ ಪ್ರಕಾರ 18ರಿಂದ 69 ವರ್ಷದವರಲ್ಲಿ ಶೇ 28.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿತ್ತು, ಶೇ 9.3ರಷ್ಟು ಮಂದಿಗೆ ರಕ್ತದ ಸಕ್ಕರೆ ಹೆಚ್ಚಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಮಧುಮೇಹ ಅಧ್ಯಯನದಲ್ಲಿ ಅದೇ ಎರಡು ಅಂಕಿಗಳು ಶೇ 35.5 ಮತ್ತು ಶೇ 11.4. ಇವೆರಡರಲ್ಲಿ ಯಾವುದು ಸುಳ್ಳು ಎಂದು ಕೇಳುವವರಿದ್ದಾರೆ. ಎರಡೂ ಸುಳ್ಳಲ್ಲ. ಇಂಡಿಯಾಬ್ 20 ವರ್ಷ ತುಂಬಿದ ಎಲ್ಲರನ್ನೂ ಒಳಗೊಂಡಿತ್ತು, ಖಾಲಿ ಹೊಟ್ಟೆಯ ಪರೀಕ್ಷೆಯ ಜೊತೆಗೆ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕವೂ ರಕ್ತ ನೋಡಿತ್ತು, ಮತ್ತು ಅದರ ಕ್ಷೇತ್ರಕಾರ್ಯ ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ವರ್ಷಗಳಲ್ಲಿ, ಒಟ್ಟು 2008ರಿಂದ 2020ರವರೆಗೆ ನಡೆದಿತ್ತು. ಯಾರನ್ನು, ಯಾವಾಗ, ಹೇಗೆ ಅಳೆದರು ಎಂಬುದನ್ನು ಬಿಟ್ಟು ಶೇಕಡಾವಾರು ಅಂಕಿಯೊಂದನ್ನೇ ಎತ್ತಿಕೊಂಡರೆ ಅದಕ್ಕೆ ಅರ್ಥವೇ ಇರುವುದಿಲ್ಲ ಎಂಬುದು ಈ ಪ್ರಕರಣದ ಉದ್ದಕ್ಕೂ ನಮಗೆ ಎದುರಾದ ಮಾತು.

ದೇಶದ ಅಂಕಿಯಿಂದ ಒಂದು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ಮಾತ್ರೆ ತರಿಸಬೇಕೆಂದು ತಿಳಿಯುವುದಿಲ್ಲ. ಆದ್ದರಿಂದ ತಾಲ್ಲೂಕಿನದೇ ಲೆಕ್ಕ ಬೇಕೆಂದು ಈ ಸಮೀಕ್ಷೆಯನ್ನು ಯೋಜಿಸಲಾಯಿತು. ವಿಧಾನ ಹೊಸದಲ್ಲ; ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ಸ್’ ಮಾದರಿ. ಮೊದಲ ಹಂತದಲ್ಲಿ ಪ್ರಶ್ನಾವಳಿ, ಎರಡನೆಯದರಲ್ಲಿ ಎತ್ತರ, ತೂಕ, ಸೊಂಟದ ಸುತ್ತಳತೆ ಮತ್ತು ರಕ್ತದೊತ್ತಡ, ಮೂರನೆಯದರಲ್ಲಿ ಖಾಲಿ ಹೊಟ್ಟೆಯ ರಕ್ತಪರೀಕ್ಷೆ. 2011ರ ಜನಗಣತಿಯ ಪಟ್ಟಿಯಿಂದ ಹಳ್ಳಿಗಳನ್ನು, ಹಳ್ಳಿಯ ಮನೆಗಳ ಹೊಸ ಪಟ್ಟಿಯಿಂದ ಮನೆಗಳನ್ನು, ಮನೆಯೊಳಗಿಂದ ಒಬ್ಬರನ್ನು ಆರಿಸಬೇಕು. ಆ ಒಬ್ಬರು ಯಾರೆಂಬುದನ್ನು ಮನೆಯವರೂ ಹೇಳುವಂತಿಲ್ಲ, ಸಿಬ್ಬಂದಿಯೂ ಹೇಳುವಂತಿಲ್ಲ. ಮನೆಯ ವಯಸ್ಕರ ಹೆಸರುಗಳನ್ನೆಲ್ಲ ಟ್ಯಾಬ್‌ನಲ್ಲಿ ತುಂಬಿದ ಮೇಲೆ ಅದೇ ಒಂದು ಹೆಸರನ್ನು ಎತ್ತುತ್ತದೆ. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲಿ ಕಾಗದದ ಕೋಷ್ಟಕದಿಂದ ಮಾಡಿತೋರಿಸಿದ ಕೆಲಸವನ್ನೇ ಇಂದು ಟ್ಯಾಬ್ ಮಾಡುತ್ತಿದೆ.

ಕ್ಷೇತ್ರಕಾರ್ಯಕ್ಕೆ ಗೊತ್ತುಪಡಿಸಿದ ಕಾಲ ಜನವರಿಯಿಂದ ಮಾರ್ಚ್. ಅನುದಾನವನ್ನು ಮಾರ್ಚ್ 31ರೊಳಗೆ ಖರ್ಚು ಮಾಡಬೇಕೆಂಬುದನ್ನು ಬಿಟ್ಟರೆ ಈ ಆಯ್ಕೆಗೆ ಬೇರೆ ಕಾರಣವಿರಲಿಲ್ಲ.

ಸಮಸ್ಯೆ ಕಂಡದ್ದು ಎಲ್ಲಿ

ಮೊದಲ ವಾರಗಳಲ್ಲಿ ಕೆಲಸ ಚುರುಕಾಗಿ ಸಾಗಿತು. ದಿನಕ್ಕೆ ಇಷ್ಟು ಮನೆ ಎಂಬ ಗುರಿಯನ್ನು ಎಲ್ಲ ತಂಡಗಳೂ ಮುಟ್ಟುತ್ತಿದ್ದವು, ನಿರಾಕರಣೆ ತೀರಾ ಕಡಿಮೆಯಿತ್ತು. ನನ್ನ ಅನುಭವದಲ್ಲಿ ಇಷ್ಟು ಸಲೀಸಾಗಿ ನಡೆಯುವ ಸಮೀಕ್ಷೆಯನ್ನು ಒಮ್ಮೆ ನಿಲ್ಲಿಸಿ ನೋಡಬೇಕು.

ಪ್ರತಿ ಉತ್ತರವನ್ನು ಟ್ಯಾಬ್‌ನಲ್ಲಿ ತುಂಬಿದ ಹೊತ್ತು ಅದರಲ್ಲೇ ದಾಖಲಾಗಿರುತ್ತದೆ. ಆ ದಾಖಲೆಯನ್ನು ತೆರೆದಾಗ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಒಂದನ್ನು ಬೇಗ ಹೇಳಿ ಮುಗಿಸಬಹುದು: ರಕ್ತದೊತ್ತಡ ಅಳೆಯುವ ಮೊದಲು ವ್ಯಕ್ತಿ ಹದಿನೈದು ನಿಮಿಷ ಸುಮ್ಮನೆ ಕುಳಿತಿರಬೇಕು, ಮೂರು ಸಲ ಅಳೆಯಬೇಕು, ನಡುವೆ ಮೂರು ಮೂರು ನಿಮಿಷ ಬಿಡಬೇಕು, ಕೊನೆಯ ಎರಡರ ಸರಾಸರಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಒಂದು ತಂಡದಲ್ಲಿ ಮೂರೂ ಅಳತೆಗಳು ಬೆನ್ನುಬೆನ್ನಿಗೆ ಬಂದಿದ್ದವು. ನಿಗದಿತ ಅಂತರ ಕಳೆಯದೆ ಮುಂದಿನ ಅಂಕಣ ತೆರೆಯದಂತೆ ಟ್ಯಾಬ್‌ನಲ್ಲಿ ಬದಲಾವಣೆ ಮಾಡಿದೆವು, ಆ ತಂಡದ ಮನೆಗಳಲ್ಲಿ ಮತ್ತೆ ಅಳೆಸಿದೆವು, ಅಲ್ಲಿಗೆ ಆ ತೊಂದರೆ ತೀರಿತು.

ಎರಡನೆಯದು ಅಷ್ಟು ಸುಲಭದ್ದಾಗಿರಲಿಲ್ಲ. ಸಂದರ್ಶನಗಳೆಲ್ಲ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರ ನಡುವೆ ನಡೆದಿದ್ದವು. ಉತ್ತರಿಸಿದವರಲ್ಲಿ ಹೆಂಗಸರೇ ಹೆಚ್ಚು. ಗಂಡಸರಲ್ಲಿ ಬಹುಪಾಲು ಐವತ್ತು ದಾಟಿದವರು. ಇಪ್ಪತ್ತರಿಂದ ನಲವತ್ತರ ಗಂಡಸರು ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಯಂತ್ರ ಎತ್ತಿದ ಹೆಸರು ಯುವಕನದ್ದಾದ ಕಡೆ ‘ಲಭ್ಯವಿಲ್ಲ’ ಎಂದು ಗುರುತು ಹಾಕಿ, ಪಕ್ಕದ ಮನೆಯನ್ನು ಬದಲಿಯಾಗಿ ತೆಗೆದುಕೊಳ್ಳಲಾಗಿತ್ತು. ಬದಲಿ ತೆಗೆದುಕೊಳ್ಳಲು ಮಾರ್ಗಸೂಚಿಯಲ್ಲಿ ಒಂದು ಸಾಲಿನ ಅವಕಾಶವಿತ್ತು, ಅಪರೂಪದ ಸಂದರ್ಭಕ್ಕೆಂದು. ಅದು ನಿತ್ಯದ ರೂಢಿಯಾಗಿಬಿಟ್ಟಿತ್ತು.

ಹಳ್ಳಿಗೆ ಹೋಗಿ ನೋಡಿದಾಗ ಕಾರಣ ಇನ್ನೂ ಸ್ಪಷ್ಟವಾಯಿತು. ಒಂದು ಓಣಿಯಲ್ಲಿ ಸಾಲಾಗಿ ನಾಲ್ಕಾರು ಮನೆಗಳಿಗೆ ಬೀಗ. ಹಿಂಗಾರಿನ ಕೆಲಸ ಕಡಿಮೆಯಾದ ಮೇಲೆ ಜನ ಗುಳೆ ಹೋಗುವ ಕಾಲವದು: ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಕಟ್ಟಡದ ಕೆಲಸಕ್ಕೆ ಬೆಂಗಳೂರು ಮತ್ತು ಗೋವಾಕ್ಕೆ. ಉಳಿದ ಗಂಡಸರು ನಸುಕಿನಲ್ಲೇ ಹೊಲಕ್ಕೋ ಹತ್ತಿರದ ಊರಿನ ಕೂಲಿಗೋ ಹೋಗಿರುತ್ತಿದ್ದರು.

ಆ ಹಳ್ಳಿಯಲ್ಲಿ ತಂಡಕ್ಕೆ ದಾರಿ ತೋರಿಸುತ್ತಿದ್ದ ಆಶಾ ಕಾರ್ಯಕರ್ತೆ ಊರಿನ ಪ್ರತಿ ಮನೆಯ ಕಾಯಿಲೆಯನ್ನೂ ಬಲ್ಲವರು. ಅವರು ತಂಡವನ್ನು ನೇರವಾಗಿ ಬಿಪಿ, ಶುಗರ್ ಇರುವವರ ಬಾಗಿಲಿಗೆ ಕರೆದೊಯ್ಯುತ್ತಿದ್ದರು. ಪಟ್ಟಿಯಲ್ಲಿ ಇರುವವರನ್ನೇ ಹುಡುಕಬೇಕಲ್ಲವೇ ಎಂದು ನಾನು ಕೇಳಿದಾಗ, ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬರನ್ನು ತೋರಿಸಿ ಅವರೆಂದರು: “ಸರ್ರ, ಈ ಯಮ್ಮಗ ಎರಡು ವರ್ಷದಿಂದ ಬಿಪಿ ಐತ್ರಿ. ಇವರನ್ನ ಬಿಟ್ಟು, ಗಟ್ಟಿಮುಟ್ಟಾಗಿರೋ ಹುಡುಗನ್ನ ಯಾಕ ಹುಡುಕ್ಕೋತ ಅಡ್ಡಾಡ್ತೀರಿ?”

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಮೂವತ್ತು ದಾಟಿದ ಎಲ್ಲರನ್ನೂ ತಪಾಸಣೆ ಮಾಡಿಸುವ ಸರ್ಕಾರಿ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸಿಬ್ಯಾಕ್ ಎಂಬ, ರೋಗದ ಅಪಾಯವನ್ನು ಅಂಕಗಳಲ್ಲಿ ಅಂದಾಜು ಮಾಡುವ ನಮೂನೆ ತುಂಬುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ಕರೆತರುತ್ತಾರೆ. ಅಲ್ಲಿ ರೋಗಿಯನ್ನು ಹುಡುಕುವುದೇ ಕೆಲಸ. ಸಮೀಕ್ಷೆಯ ಕೆಲಸ ಅದಕ್ಕೆ ವಿರುದ್ಧ ದಿಕ್ಕಿನದು. ಚೀಟಿ ಯಾರ ಹೆಸರಿಗೆ ಬಂದಿದೆಯೋ ಅವರೇ ಬೇಕು, ಆರೋಗ್ಯವಂತರಾಗಿದ್ದರೂ, ಸಿಗದೆ ಸತಾಯಿಸಿದರೂ. ಈ ವ್ಯತ್ಯಾಸವನ್ನು ತರಬೇತಿಯಲ್ಲಿ ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ.

ಎರಡೂ ಕಾರಣಗಳು ಸೇರಿ ಆದ ಹಾನಿ ವಿಚಿತ್ರವಾಗಿತ್ತು. ವಯಸ್ಸಾದವರು ಮತ್ತು ಮೊದಲೇ ಔಷಧ ತೆಗೆದುಕೊಳ್ಳುತ್ತಿದ್ದವರು ಹೆಚ್ಚು ಸೇರಿದ್ದರಿಂದ ರೋಗದ ಪ್ರಮಾಣ ಏರಿತ್ತು, ರೋಗವಿದೆಯೆಂದು ತಿಳಿದವರ ಪ್ರಮಾಣ ಅದಕ್ಕಿಂತಲೂ ಏರಿತ್ತು. ದುಡಿಯುವ ವಯಸ್ಸಿನ ಗಂಡಸರು ಬಿಟ್ಟುಹೋದದ್ದರಿಂದ ಬೀಡಿ, ಗುಟ್ಕಾ, ಮದ್ಯದ ಬಳಕೆ ಇಳಿದಿತ್ತು. ಅಂದರೆ ಈ ತಾಲ್ಲೂಕಿನಲ್ಲಿ ರೋಗವಿದೆ ಆದರೆ ಚಿಕಿತ್ಸೆ ಚೆನ್ನಾಗಿ ತಲುಪುತ್ತಿದೆ, ತಂಬಾಕಿನ ಹಾವಳಿ ಕಡಿಮೆ ಎಂಬ ಚಿತ್ರ ಮೂಡುತ್ತಿತ್ತು. ಕೇಳಲು ಹಿತವಾದ ಚಿತ್ರ. ಅದನ್ನು ನಂಬಿ ಯೋಜನೆ ಹಾಕಿದ್ದರೆ ಮೂವತ್ತೈದು ವರ್ಷದ, ಬಿಪಿ ನೋಡಿಸಲು ಒಮ್ಮೆಯೂ ತೋಳಪಟ್ಟಿ ಕಟ್ಟಿಸಿಕೊಳ್ಳದ ಕೂಲಿಕಾರ ಯಾವ ಲೆಕ್ಕದಲ್ಲೂ ಇರುತ್ತಿರಲಿಲ್ಲ.

ತೂಕದ ವಾದ

ಪರಿಶೀಲನಾ ಸಭೆಯಲ್ಲಿ ಮೊದಲು ಬಂದ ಸಲಹೆ: ಗಂಡಸರು ಕಡಿಮೆಯಾದರೆ ಆಗಲಿ, ಜನಗಣತಿಯ ವಯಸ್ಸು ಮತ್ತು ಲಿಂಗದ ಅನುಪಾತಕ್ಕೆ ತಕ್ಕಂತೆ ವಿಶ್ಲೇಷಣೆಯಲ್ಲಿ ತೂಕ ಕೊಟ್ಟು, ಅಂದರೆ ಕಡಿಮೆ ಸಿಕ್ಕ ಗುಂಪಿನ ಒಬ್ಬೊಬ್ಬರನ್ನೂ ಹೆಚ್ಚು ಪಾಲಾಗಿ ಎಣಿಸಿ, ಸರಿದೂಗಿಸೋಣ. ಎಲ್ಲ ದೊಡ್ಡ ಸಮೀಕ್ಷೆಗಳೂ ತೂಕ ಕೊಡುತ್ತವೆ, ಅಮೆರಿಕದಲ್ಲಿ 1984ರಿಂದ ನಡೆಯುತ್ತಿರುವ ಆರೋಗ್ಯದ ದೂರವಾಣಿ ಸಮೀಕ್ಷೆಯೂ 2011ರಲ್ಲಿ ತನ್ನ ತೂಕದ ವಿಧಾನವನ್ನೇ ಬದಲಿಸಿಕೊಂಡಿತು ಎಂಬ ಉದಾಹರಣೆಯೂ ಬಂತು. ಉದಾಹರಣೆ ನಿಜವಾದದ್ದೇ. ಆದರೆ ಅವರು ಆ ವರ್ಷ ತೂಕವನ್ನಷ್ಟೇ ಬದಲಿಸಲಿಲ್ಲ. ಸ್ಥಿರ ದೂರವಾಣಿ ಇಲ್ಲದೆ ಮೊಬೈಲ್ ಮಾತ್ರ ಇದ್ದವರನ್ನೂ ಸಮೀಕ್ಷೆಯೊಳಗೆ ತಂದರು. ಬಿಟ್ಟುಹೋಗಿದ್ದವರನ್ನು ಸೇರಿಸಿಕೊಳ್ಳದೆ ಬರೀ ತೂಕದಿಂದ ಅವರು ಕೆಲಸ ಸಾಧಿಸಿರಲಿಲ್ಲ.

ನಮ್ಮ ತಾಲ್ಲೂಕಿನಲ್ಲಿ ತೂಕ ಯಾರ ಮೇಲೆ ಬೀಳುತ್ತಿತ್ತು ಎಂದು ಒಂದೊಂದೇ ನಮೂನೆ ತೆಗೆದು ನೋಡಿದೆವು. ಮಧ್ಯಾಹ್ನ ಹನ್ನೆರಡಕ್ಕೆ ಮನೆಯಲ್ಲಿ ಸಿಕ್ಕ ಮೂವತ್ತರ ಗಂಡಸೆಂದರೆ ಕಿರಾಣಿ ಅಂಗಡಿಯವನು, ಹಿಟ್ಟಿನ ಗಿರಣಿಯವನು, ಇಲ್ಲವೇ ಕಾಲು ಮುರಿದುಕೊಂಡು ಮಲಗಿದವನು. ಇವರೊಬ್ಬೊಬ್ಬರಿಗೂ ಹಲವು ಪಟ್ಟು ತೂಕ ಕೊಟ್ಟರೆ ಅಂಗಡಿಯವನೇ ಹಲವು ಪಾಲಾಗಿ ಎಣಿಕೆಗೆ ಸೇರುತ್ತಾನೆಯೇ ಹೊರತು ಕಬ್ಬಿನ ಗದ್ದೆಯಲ್ಲಿರುವವನು ಲೆಕ್ಕಕ್ಕೆ ಬರುವುದಿಲ್ಲ. ಸಿಕ್ಕವರೂ ಸಿಗದವರೂ ವಯಸ್ಸು, ಲಿಂಗ ಒಂದೇ ಆಗಿದ್ದಾಗ ಉಳಿದೆಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಎಂಬ ನಂಬಿಕೆಯ ಮೇಲೆ ತೂಕದ ಲೆಕ್ಕ ನಿಂತಿದೆ. ಇಲ್ಲಿ ಆ ನಂಬಿಕೆಗೆ ಆಧಾರವೇ ಇರಲಿಲ್ಲ.

ಈ ನಮೂನೆಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದ ಸಭೆಯೇ ಮೊದಲ ತಿರುವು. ಅಂಕಿಅಂಶ ತಜ್ಞರ ಸೂತ್ರಗಳಿಗಿಂತ, ಹಿಟ್ಟಿನ ಗಿರಣಿ ಎಂದು ಉದ್ಯೋಗದ ಅಂಕಣದಲ್ಲಿ ಬರೆದಿದ್ದ ಆ ಹಾಳೆಗಳು ಮನವೊಲಿಸಿದವು.

ಕೈಗೊಂಡ ತೀರ್ಮಾನಗಳು

ಬದಲಿ ಮನೆಯ ಅವಕಾಶವನ್ನು ಅಂದೇ ರದ್ದು ಮಾಡಲಾಯಿತು. ಹೆಸರು ಬಂದವರು ಸಿಗದಿದ್ದರೆ ಕನಿಷ್ಠ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು. ಅದರಲ್ಲಿ ಒಂದು ಭೇಟಿ ಸಂಜೆಯದ್ದಾಗಿರಬೇಕು, ಒಂದು ಸೋಮವಾರದ್ದಾಗಿರಬೇಕು. ಸೋಮವಾರ ಎತ್ತಿನ ಕೊರಳಿಗೆ ನೊಗ ಇಡದ ಪದ್ಧತಿ ಆ ಸೀಮೆಯಲ್ಲಿ ಇನ್ನೂ ಇದೆ, ಆದ್ದರಿಂದ ರೈತರು ಊರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ನಮ್ಮ ಮೂಲ ವೇಳಾಪಟ್ಟಿ ಕಚೇರಿಯ ಭಾನುವಾರವನ್ನು ನೋಡಿ ಮಾಡಿದ್ದಾಗಿತ್ತು. ಈ ಸಲಹೆ ಬಂದದ್ದು ಒಬ್ಬ ಕ್ಷೇತ್ರ ಸಿಬ್ಬಂದಿಯಿಂದ, ಅವರೂ ರೈತರ ಮನೆಯವರೇ.

ಇದರಿಂದ ದಿನದ ಗುರಿ ಅರ್ಧಕ್ಕೆ ಇಳಿಯುವುದು ಖಚಿತವಾಗಿತ್ತು, ಹಣ ಮಾತ್ರ ಅಷ್ಟೇ ಇತ್ತು. ಇಲ್ಲಿ ನಿಜವಾದ ಆಯ್ಕೆಯ ಪ್ರಶ್ನೆ ಎದ್ದಿತು: ಹಳ್ಳಿಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕೋ, ಭೇಟಿಗಳ ಸಂಖ್ಯೆಯನ್ನೋ? ಹಳ್ಳಿಗಳನ್ನು ಕಡಿಮೆ ಮಾಡಿದರೆ ಅಂದಾಜಿನ ವ್ಯಾಪ್ತಿ, ಅಂದರೆ ನಿಜವಾದ ಅಂಕಿ ಇರಬಹುದಾದ ಕೆಳಗಿನ ಮತ್ತು ಮೇಲಿನ ಮಿತಿಗಳ ನಡುವಿನ ಅಂತರ, ಅಗಲವಾಗುತ್ತದೆ, ವರದಿಯಲ್ಲಿ ಅದು ಎದ್ದು ಕಾಣುತ್ತದೆ, ಓದಿದವರು ‘ಇಷ್ಟು ಅನಿಶ್ಚಿತವೇ’ ಎನ್ನುತ್ತಾರೆ. ಭೇಟಿಗಳನ್ನು ಕಡಿಮೆ ಮಾಡಿದರೆ ವ್ಯಾಪ್ತಿ ಕಿರಿದಾಗಿ ಅಚ್ಚುಕಟ್ಟಾಗಿ ಕಾಣುತ್ತದೆ, ಅಂಕಿ ಮಾತ್ರ ತಪ್ಪಾದ ಜಾಗದಲ್ಲಿ ಕುಳಿತಿರುತ್ತದೆ, ಮತ್ತು ಅದು ಯಾರಿಗೂ ಕಾಣುವುದಿಲ್ಲ. ಮುಖ್ಯ ತನಿಖಾಧಿಕಾರಿ ಹಳ್ಳಿಗಳನ್ನೇ ಕಡಿಮೆ ಮಾಡಲು ಒಪ್ಪಿದರು. ಯಾವ ಹಳ್ಳಿ ಬಿಡಬೇಕೆಂಬುದನ್ನೂ ಚೀಟಿಯಿಂದಲೇ ತೀರ್ಮಾನಿಸಿದರು. ಇಡೀ ಪ್ರಕರಣದಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ನಿರ್ಧಾರ ಅದು.

ಗುಳೆ ಹೋದ ಮನೆಗಳ ವಿಷಯಕ್ಕೆ ಬೇರೆ ದಾರಿ ಬೇಕಾಯಿತು. ಬೀಗದ ಮನೆಯನ್ನು ‘ನಿರಾಕರಣೆ’ ಎಂದಾಗಲಿ ‘ಖಾಲಿ ಮನೆ’ ಎಂದಾಗಲಿ ಬರೆಯದೆ, ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ನೆರೆಯವರನ್ನು ಕೇಳಿ ಪ್ರತ್ಯೇಕ ಸಂಕೇತ ಕೊಟ್ಟೆವು. ಅನುದಾನದ ಅವಧಿ ವಿಸ್ತರಣೆಗೆ ಪತ್ರ ಬರೆಯಲಾಯಿತು, ಒಪ್ಪಿಗೆ ಸಿಕ್ಕಿತು. ಮುಂಗಾರು ಬಿತ್ತನೆಗೆ ಜನ ಮರಳುವ ಕಾಲಕ್ಕೆ, ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಎರಡನೆಯ ಸುತ್ತು ಎಂದು ನಿಶ್ಚಯವಾಯಿತು. ಅದರಲ್ಲೂ ಒಂದು ತೊಡಕಿತ್ತು. ರಕ್ತದೊತ್ತಡ ಚಳಿಯಲ್ಲಿ ತುಸು ಏರುತ್ತದೆ, ಸೆಕೆಯಲ್ಲಿ ಇಳಿಯುತ್ತದೆ. ಊರಲ್ಲಿ ಉಳಿದವರನ್ನು ಜನವರಿಯಲ್ಲಿ, ಗುಳೆಯವರನ್ನು ಜೂನಿನಲ್ಲಿ ಅಳೆದು ಹೋಲಿಸಿದರೆ ಋತುವಿನ ವ್ಯತ್ಯಾಸವೇ ಜನರ ವ್ಯತ್ಯಾಸದಂತೆ ಕಾಣಬಹುದು. ಆದ್ದರಿಂದ ಮೊದಲ ಸುತ್ತಿನವರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ ಎರಡನೆಯ ಸುತ್ತಿನಲ್ಲಿಯೂ ಅಳೆದೆವು.

ಆಶಾ ಕಾರ್ಯಕರ್ತೆಯ ಪ್ರಶ್ನೆಗೆ ಕೊಟ್ಟ ಉತ್ತರ ಎರಡನೆಯ ತಿರುವಾಯಿತು. ತಾನಾಗಿ ಬಂದು ತೋಳು ಚಾಚಿದವರನ್ನು ‘ನಿಮ್ಮ ಹೆಸರು ಬಂದಿಲ್ಲ’ ಎಂದು ಕಳಿಸುವುದು ಊರಿನ ಮರ್ಯಾದೆಗೆ ಒಗ್ಗುವ ಮಾತಲ್ಲ, ಆಕೆಯಂತೂ ನಾಳೆಯೂ ಅದೇ ಓಣಿಯಲ್ಲಿ ಓಡಾಡಬೇಕಾದವರು. ಪ್ರಾಥಮಿಕ ಆರೋಗ್ಯ ಕೇಂದ್ರದವರ ಸಹಾಯ ಕೇಳಿ, ತಂಡ ಇರುವ ದಿನ ಗುಡಿಯ ಕಟ್ಟೆಯ ಬಳಿ ಒಂದು ಬೇರೆ ಮೇಜು ಹಾಕಿಸಿದೆವು. ಯಾರು ಬಂದರೂ ಅಲ್ಲಿ ಬಿಪಿ ನೋಡುತ್ತಿದ್ದರು, ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದರು, 140/90 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಆರೋಗ್ಯ ಕೇಂದ್ರಕ್ಕೆ ತೋರಿಸಲು ಚೀಟಿ ಬರೆದುಕೊಡುತ್ತಿದ್ದರು. ಆ ಪುಸ್ತಕದ ಒಂದು ಸಾಲೂ ಸಮೀಕ್ಷೆಗೆ ಸೇರಲಿಲ್ಲ. ಮೇಜು ಬಂದ ಮೇಲೆ ಆಶಾ ಕಾರ್ಯಕರ್ತೆಯ ನಿಲುವೇ ಬದಲಾಯಿತು. ಪಟ್ಟಿಯಲ್ಲಿದ್ದ ಹುಡುಗ ಯಾವ ಹೊಲದಲ್ಲಿದ್ದಾನೆ, ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಆಕೆಯೇ ಫೋನ್ ಮಾಡಿ ತಿಳಿಸತೊಡಗಿದರು.

ರಕ್ತಪರೀಕ್ಷೆಯನ್ನು ಶಾಲೆಯ ಅಂಗಳದಿಂದ ಮನೆಬಾಗಿಲಿಗೆ ಒಯ್ಯಲಾಯಿತು. ಶಾಲೆಗೆ ಬರಹೇಳಿದರೆ ಗಂಡಸರು ಬರುವುದು ಕೆಲಸ ಮುಗಿದ ಮೇಲೆ, ಅಷ್ಟರಲ್ಲಿ ಚಹಾ, ರೊಟ್ಟಿ ಎರಡೂ ಆಗಿರುತ್ತಿತ್ತು. ಹಿಂದಿನ ಸಂಜೆ ಪ್ರಶ್ನಾವಳಿ ಮುಗಿಸಿ, ಮರುದಿನ ಐದೂವರೆಗೆ ಬರುತ್ತೇವೆ, ಚಹಾ ಕುಡಿಯದೆ ಇರಿ ಎಂದು ಮನೆಯ ಹೆಂಗಸರಿಗೂ ಹೇಳಿಬರುವುದು ಹೆಚ್ಚು ಫಲ ಕೊಟ್ಟಿತು.

ಆದದ್ದೇನು

ಸಂಜೆಯ ಭೇಟಿಯಿಂದ ಗಂಡಸರು ಸಿಕ್ಕರು, ಹೊಸ ತೊಂದರೆಗಳೂ ಸಿಕ್ಕವು. ಪಡಸಾಲೆಯಲ್ಲಿ ಇಡೀ ಮನೆ ಕುಳಿತಿರುವಾಗ, ಅಪ್ಪನ ಎದುರು ಮಗ ಬೀಡಿ ಸೇದುತ್ತೇನೆ, ಕುಡಿಯುತ್ತೇನೆ ಎಂದು ಹೇಳುವುದಿಲ್ಲ. ತೂಕ ನೋಡುವ ನೆಪದಲ್ಲಿ ಅವನನ್ನು ದನದ ಕೊಟ್ಟಿಗೆಯ ಕಡೆಗೆ ಕರೆದು, ಆ ಪ್ರಶ್ನೆಗಳನ್ನು ಅಲ್ಲಿ ಕೇಳುವ ಕ್ರಮ ರೂಢಿಯಾಯಿತು. ಕೆಲವರು ಕುಡಿದೇ ಬಂದಿರುತ್ತಿದ್ದರು. ಅಂಥವರಿಂದ ಒಪ್ಪಿಗೆ ಪಡೆಯುವುದು ಸರಿಯಲ್ಲ, ಅಳತೆಯೂ ನಂಬುವಂಥದ್ದಲ್ಲ. ಅವರಿಗೆ ಮತ್ತೊಂದು ಬೆಳಗಿನ ಭೇಟಿ ಗೊತ್ತುಮಾಡಿದೆವು. ಹೆಂಗಸರ ಕಡೆಯೂ ಇಂಥದ್ದೇ ಒಂದು ಪದರ ತೆರೆದುಕೊಂಡಿತು. ಎಲೆಅಡಿಕೆಯ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪನ್ನು, ಹಲ್ಲಿಗೆ ತಿಕ್ಕುವ ಕಡ್ಡಿಪುಡಿಯನ್ನು ಅತ್ತೆಯ ಮುಂದೆ ಹೇಳದ ಸೊಸೆಯಂದಿರು, ಚಿತ್ರವಿರುವ ಕಾರ್ಡನ್ನು ಕೈಗೆ ಕೊಟ್ಟಾಗ ಮಾತಿಲ್ಲದೆ ಬೆರಳಿಟ್ಟು ತೋರಿಸಿದರು.

ಜೂನಿನ ಸುತ್ತಿನಲ್ಲಿ ಬೀಗದ ಮನೆಗಳಲ್ಲಿ ಹೆಚ್ಚಿನವು ತೆರೆದಿದ್ದವು. ಎರಡೂ ಸುತ್ತು ಸೇರಿಸಿ ನೋಡಿದಾಗ, ಮೊದಲ ವಾರಗಳ ಚಿತ್ರ ಬಹುಮಟ್ಟಿಗೆ ತಲೆಕೆಳಗಾಗಿತ್ತು. ಗಂಡಸರಲ್ಲಿ ತಂಬಾಕು ಮತ್ತು ಮದ್ಯದ ಪ್ರಮಾಣ ಏರಿತು. ರಕ್ತದೊತ್ತಡದ ಒಟ್ಟು ಪ್ರಮಾಣ ಸ್ವಲ್ಪ ಇಳಿಯಿತು, ಆದರೆ ತಮಗೆ ರಕ್ತದೊತ್ತಡವಿದೆಯೆಂದು ಬಲ್ಲವರ ಪಾಲು ಅದಕ್ಕಿಂತ ಹೆಚ್ಚು ಇಳಿಯಿತು. ಚಿಕಿತ್ಸೆ ಚೆನ್ನಾಗಿ ತಲುಪುತ್ತಿದೆ ಎಂಬ ಹಿತವಾದ ಮಾತು ಉಳಿಯಲಿಲ್ಲ. ತಲುಪುತ್ತಿದ್ದದ್ದು ಹಗಲು ಆಸ್ಪತ್ರೆಗೆ ಬರಬಲ್ಲವರಿಗೆ ಮಾತ್ರ.

ಈ ನಡುವೆ ಮೊದಲ ವಾರಗಳ ಅಂಕಿಗಳನ್ನೇ ವಾರ್ಷಿಕ ಕ್ರಿಯಾಯೋಜನೆಗೆ ಕೊಡಿ ಎಂಬ ಒತ್ತಾಯ ಬಂದಿತ್ತು. ಕೇಳಿದವರ ಅವಸರವೂ ನ್ಯಾಯವಾದದ್ದೇ, ಯೋಜನೆಗೆ ಗಡುವು ಇರುತ್ತದೆ. ಆದರೂ ಕೊಡಲಿಲ್ಲ. ಒಮ್ಮೆ ಕಡತಕ್ಕೆ ಸೇರಿದ ಅಂಕಿಯನ್ನು ಮುಂದೆ ಎಷ್ಟು ತಿದ್ದೋಲೆ ಕಳಿಸಿದರೂ ಹಿಂದಕ್ಕೆ ಪಡೆಯಲಾಗುವುದಿಲ್ಲ. ಅದರ ಬದಲು ಮನೆಪಟ್ಟಿಯನ್ನು ಮತ್ತು ಗುಳೆ ಹೋದ ಮನೆಗಳ ಹಳ್ಳಿವಾರು ಎಣಿಕೆಯನ್ನು ಕೊಟ್ಟೆವು. ಅದು ಎಣಿಸಿದ ಲೆಕ್ಕ, ಅಂದಾಜಲ್ಲ, ಆದ್ದರಿಂದ ಅವರಿಗೂ ಉಪಯೋಗಕ್ಕೆ ಬಂತು.

ಇದರಿಂದ ತಿಳಿದದ್ದು, ತಿಳಿಯದೆ ಉಳಿದದ್ದು

ಇಂಥ ಸಮೀಕ್ಷೆ ಮಾಡುವವರಿಗೆ ಈ ಪ್ರಕರಣದಿಂದ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಮೂರು ಮಾತು ಎಂದು ನನಗನ್ನಿಸುತ್ತದೆ. ಎಷ್ಟು ಮಂದಿ ಉತ್ತರಿಸಿದರು ಎಂಬ ಒಟ್ಟು ಪ್ರಮಾಣ ಏನನ್ನೂ ಹೇಳುವುದಿಲ್ಲ. ಬದಲಿ ಮನೆಗೆ ಅವಕಾಶ ಕೊಟ್ಟಲ್ಲಿ ಅದು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಗಂಡು, ಹೆಣ್ಣು, ವಯಸ್ಸು, ಭೇಟಿಯ ಹೊತ್ತು, ಸಿಗದ ಕಾರಣ ಇಷ್ಟನ್ನೂ ಮೊದಲ ವಾರವೇ ಕೋಷ್ಟಕ ಮಾಡಿ ನೋಡಬೇಕು, ಮಾರ್ಚಿನಲ್ಲಿ ಅಲ್ಲ. ಕ್ಷೇತ್ರಕಾರ್ಯದ ಕಾಲವನ್ನು ಅನುದಾನದ ಪಂಚಾಂಗದಿಂದ ಎತ್ತಿಕೊಳ್ಳದೆ ಆ ಊರಿನ ಬೇಸಾಯದ ಪಂಚಾಂಗದಿಂದ ತೆಗೆದುಕೊಳ್ಳಬೇಕು, ಅನುದಾನ ಬೇಡುವ ಅರ್ಜಿಯಲ್ಲಿಯೇ ಅದನ್ನು ಬರೆದು ಒಪ್ಪಿಸಿಕೊಳ್ಳಬೇಕು. ತಪಾಸಣೆಯನ್ನೂ ಸಮೀಕ್ಷೆಯನ್ನೂ ಒಂದೇ ಕೈಯಿಂದ ಮಾಡಿಸುವಾಗ ಎರಡಕ್ಕೂ ಬೇರೆ ಮೇಜು, ಬೇರೆ ಪುಸ್ತಕ ಇಡಬೇಕು. ಜನರಿಗೆ ಸಲ್ಲಬೇಕಾದ ಸೇವೆಯನ್ನು ತಡೆದು ವಿಧಾನದ ಶುದ್ಧಿಯನ್ನು ಕಾಪಾಡಲು ಹೊರಟರೆ ಎರಡೂ ಕೆಡುತ್ತವೆ.

ಪೂರ್ತಿ ಬಗೆಹರಿಯದ ಸಂಗತಿಯನ್ನು ವರದಿಯಲ್ಲಿ ಹಾಗೆಯೇ ಬರೆಯಲಾಯಿತು. ಎರಡನೆಯ ಸುತ್ತಿನ ಬಳಿಕವೂ ಗಂಡಸರ ಸ್ಪಂದನಾ ಪ್ರಮಾಣ ಹೆಂಗಸರದ್ದಕ್ಕಿಂತ ಕಡಿಮೆಯೇ ಇತ್ತು, ಮತ್ತು ಕೆಲವು ಕುಟುಂಬಗಳು ಮುಂಗಾರಿಗೂ ಮರಳಿರಲಿಲ್ಲ. ಆರು ತಿಂಗಳಿಗಿಂತ ಹೆಚ್ಚು ಊರು ಬಿಟ್ಟವರು ನಮ್ಮ ನಿಯಮದ ಪ್ರಕಾರ ಆ ಹಳ್ಳಿಯ ನಿವಾಸಿಗಳಲ್ಲ, ಆದ್ದರಿಂದ ಅವರ ಹೆಸರು ನಮ್ಮ ಪಟ್ಟಿಯಿಂದ ಬಿಟ್ಟುಹೋಯಿತು. ಅವರು ಈಗ ಇರುವುದು ಬೆಂಗಳೂರಿನ ಕಟ್ಟಡ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡುಗಳಲ್ಲಿ. ನಗರದಲ್ಲಿ ಸಮೀಕ್ಷೆ ನಡೆಸುವವರು ಮನೆಪಟ್ಟಿ ಮಾಡುವಾಗ ಆ ಶೆಡ್ಡುಗಳನ್ನು ವಾಸದ ಮನೆಯೆಂದು ಬರೆದುಕೊಳ್ಳದಿದ್ದರೆ, ಅದೇ ವ್ಯಕ್ತಿ ಅಲ್ಲಿಯ ಪಟ್ಟಿಯಿಂದಲೂ ಬಿಟ್ಟುಹೋಗುತ್ತಾನೆ. ಮುಂದಿನ ಸುತ್ತಿಗೆ ಸಲ್ಲಿಸಿದ ಪ್ರಸ್ತಾವದಲ್ಲಿ, ಗುಳೆ ಹೋದವರ ಫೋನ್ ಸಂಖ್ಯೆಯನ್ನು ಮನೆಯವರ ಒಪ್ಪಿಗೆಯಿಂದ ಪಡೆದು, ಅವರು ಹೆಚ್ಚು ನೆಲೆಸಿರುವ ಕಾಮಗಾರಿ ತಾಣಗಳಿಗೆ ಒಂದು ತಂಡವನ್ನು ಕಳಿಸಬೇಕೆಂದು ಕೇಳಿದ್ದೇವೆ.